ಹತ್ತಿ ಬೀದಿಯ ತಿರುವು

ಮಧುಗಿರಿಯ ಹಳೇ ಪೇಟೆಯಲ್ಲಿ ಹತ್ತಿ ಬೀದಿ ಅಂತ ಒಂದಿದೆ. ಶ್ರಾವಣದ ಎರಡನೇ ಸೋಮವಾರ ಬೆಳಿಗ್ಗೆ ಆ ಬೀದಿಯ ಮೇಲ್ತುದಿಯಲ್ಲಿದ್ದ ಚೌಡಯ್ಯನ ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು. ಅಗ್ನಿಶಾಮಕ ವಾಹನ ಓಡಿಸುತ್ತಿದ್ದವನು ಅಂಜನ್ ಕುಮಾರ್. ಮಿಡಿಗೇಶಿಯವನು, ನಲವತ್ತೊಂದು ವರ್ಷ, ದೊಡ್ಡ ಗಾಡಿಯ ಸ್ಟೀರಿಂಗ್ ಹಿಡಿದು ಹದಿನಾರು ವರ್ಷವಾಗಿತ್ತು. ಕರೆ ಬಂದ ಆರನೇ ನಿಮಿಷಕ್ಕೆ ಅವನು ಬೀದಿಯ ಬಾಯಲ್ಲಿದ್ದ. ಒಳಗೆ ನೂರಡಿ ಹೋದ ಮೇಲೆ ಹತ್ತಿ ಬೀದಿ ಎಡಕ್ಕೆ ಓರೆಯಾಗಿ ತಿರುಗುತ್ತದೆ. ಅಲ್ಲಿ ವಾಹನ ಸಿಕ್ಕಿಕೊಂಡಿತು.

ಮುಂದಿನ ಬಲಮೂಲೆ ಒಂದು ಗೋಡೆಗೆ ಒತ್ತಿತ್ತು, ಎಡಮಗ್ಗುಲು ಈಚೆ ಮನೆಯ ಕಲ್ಲುಕಟ್ಟೆಗೆ. ಹಿಂದಕ್ಕೆ ಒಂದಡಿ, ಮುಂದಕ್ಕೆ ಒಂದಡಿ, ಮತ್ತೆ ಹಿಂದಕ್ಕೆ. ನೀರಿನ ಪೈಪುಗಳಿದ್ದ ಪೆಟ್ಟಿಗೆಗಳ ಬಾಗಿಲು ಗೋಡೆಗೆ ಕಚ್ಚಿಕೊಂಡು ತೆರೆಯಲಿಲ್ಲ. ಹನ್ನೊಂದು ನಿಮಿಷ ಹಾಗೇ ಹೋಯಿತು. ಅಷ್ಟರಲ್ಲಿ ಬೀದಿಯ ಜನರೇ ಒದ್ದೆ ಕಂಬಳಿ ಹೊದ್ದು ನುಗ್ಗಿ ಚೌಡಯ್ಯನನ್ನು ಹೊರಗೆ ಎಳೆದು ತಂದಿದ್ದರು. ನಾಲ್ಕನೇ ದಿನ ಅವನು ತೀರಿಕೊಂಡ.

ವಾಹನ ಒತ್ತಿಕೊಂಡಿದ್ದ ಕಲ್ಲುಕಟ್ಟೆ ಚೌಡಯ್ಯನ ಮನೆಯದೇ. ಆ ಹನ್ನೊಂದು ನಿಮಿಷವೂ ಅವನ ಹೆಂಡತಿ ಹನುಮಕ್ಕ ಬಾಗಿಲು ತೆಗೆಯಲಾಗದೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಏಳೆಂಟಡಿ ಆಚೆ ಡ್ರೈವರ್ ಸೀಟಿನಲ್ಲಿ ಅಂಜನ್ ಕುಮಾರ್. ಆಕೆ ಕೂಗಲಿಲ್ಲ, ಬಯ್ಯಲಿಲ್ಲ. ಅವನ ಕೈಗಳನ್ನೇ ನೋಡುತ್ತಿದ್ದಳು.

ಠಾಣಾಧಿಕಾರಿ ಶಂಕರಲಿಂಗಪ್ಪ ತಮ್ಮ ವರದಿಯಲ್ಲಿ ಒಂದು ಸಾಲು ಬರೆದರು: 'ತಿರುವಿನಲ್ಲಿ ಚಾಲಕನ ಅಂದಾಜು ತಪ್ಪಿರಬಹುದು.' ದಸರಾ ಕಳೆದ ಮೇಲೆ ಮೇಲಧಿಕಾರಿಯೊಬ್ಬರು ವಿಚಾರಣೆಗೆ ಬರುವುದು, ಅಷ್ಟರೊಳಗೆ ಅಂಜನ್ ಬರಹದಲ್ಲಿ ಸಮಜಾಯಿಷಿ ಕೊಡುವುದು ಅಂತಾಯಿತು. ಅವನು ನಾಲ್ಕು ಸಲ ಹಾಳೆ ತೆಗೆದುಕೊಂಡು ಕೂತ. ತಪ್ಪಿಲ್ಲ ಅಂತ ಬರೆಯಲು ಧೈರ್ಯವಿರಲಿಲ್ಲ, ತಪ್ಪಾಯಿತು ಅಂತ ಬರೆಯಲು ಗೊತ್ತಿರಲಿಲ್ಲ. ಸ್ಟೀರಿಂಗನ್ನು ಇನ್ನೊಂದು ಸುತ್ತು ಬೇಗ ತಿರುವಿದ್ದರೆ ಗಾಡಿ ತಿರುಗುತ್ತಿತ್ತೇ? ಬೇರೆ ಯಾರಾದರೂ ಓಡಿಸಿದ್ದರೆ ತಿರುಗಿಸುತ್ತಿದ್ದರೇ? ಅವನಿಗೆ ಬೇಕಾಗಿದ್ದುದು ಇಷ್ಟೇ. ಅದನ್ನು ಹೇಳುವವರು ಯಾರೂ ಇರಲಿಲ್ಲ. ಗಾಡಿಯನ್ನು ಇನ್ನೊಮ್ಮೆ ಅಲ್ಲಿಗೆ ತೆಗೆದುಕೊಂಡು ಹೋಗಿ ನೋಡೋಣ ಅಂದಾಗ ಶಂಕರಲಿಂಗಪ್ಪ ಅವನನ್ನು ಒಂದು ಥರ ನೋಡಿದ್ದರು.

ಸೆಪ್ಟೆಂಬರಿನಲ್ಲಿ ಪೇಟೆಯ ಹಿಂದಿನ ಸರ್ಕಾರಿ ಪ್ರೌಢಶಾಲೆಗೆ ಬೆಂಕಿ ನಂದಿಸುವ ಪ್ರಾತ್ಯಕ್ಷಿಕೆ ತೋರಿಸಲು ಠಾಣೆಯವರು ಹೋಗಿದ್ದರು. ಕೊಠಡಿಗಳನ್ನು ನೋಡಿಕೊಂಡು ಬರುವಾಗ ಒಂದರಲ್ಲಿ ಆಟದ ಇಟ್ಟಿಗೆಗಳು ಡಬ್ಬಿಗಟ್ಟಲೆ ಕಂಡವು. ತಲೆಯ ಮೇಲೆ ಸಾಲಾಗಿ ಗುಬುಟುಗಳಿದ್ದು ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳು. ಯಾರೋ ದಾನ ಕೊಟ್ಟದ್ದು. ಗಣಿತದ ಟೀಚರ್ ರಕ್ಷಾಳದು ಅದರ ಉಸ್ತುವಾರಿ. ಕಳ್ಳಂಬೆಳ್ಳದ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಮೂರು ವರ್ಷ.

ಅಂಜನ್ ಒಂದು ಇಟ್ಟಿಗೆ ಎತ್ತಿಕೊಂಡು ಕೇಳಿದ. "ಮೇಡಂ, ಇವು ಎಲ್ಲಾ ಒಂದೇ ಅಳತೇವಾ?"

"ಒಂದು ಗುಬುಟಿಂದ ಪಕ್ಕದ ಗುಬುಟಿಗೆ ಎಂಟು ಮಿಲಿಮೀಟರ್. ಯಾವ ಡಬ್ಬಿ ತೆಗೆದ್ರೂ ಅಷ್ಟೇ."

"ಒಂದು ಗುಬುಟು ಒಂದಡಿ ಅಂತ ಇಟ್ಕೊಂಡ್ರೆ, ಒಂದು ಬೀದೀನ ಇದ್ದಂಗೇ ಕಟ್ಬೌದಾ?"

ಯಾವ ಬೀದಿ ಎಂದು ರಕ್ಷಾ ಕೇಳಿದಳು. ಅವನು ಹೇಳಿದ. ಆಕೆ ಕಾರಿಡಾರಿನ ಆ ಕೊನೆಯಲ್ಲಿದ್ದ ಅಡುಗೆಮನೆಯ ಕಡೆ ನೋಡಿ ಹೇಳಿದಳು. "ನಮ್ಮ ಸ್ಕೂಲಲ್ಲಿ ಬಿಸಿಯೂಟ ಮಾಡೋದು ಹನುಮಕ್ಕ. ನಿಮಗೆ ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಇಟ್ಟಿಗೆಯನ್ನು ಮೆಲ್ಲಗೆ ಡಬ್ಬಿಗೆ ಹಾಕಿ ಹೊರಟುಬಿಟ್ಟ. ಗೇಟಿನ ತನಕ ಹೋದವನನ್ನು ರಕ್ಷಾ ಕೂಗಿ ನಿಲ್ಲಿಸಿದಳು.

"ದಸರಾ ರಜದಲ್ಲಿ ಕೊಠಡಿ ಖಾಲಿ ಇರುತ್ತೆ. ಹದಿನೇಳು ದಿನ. ಹೆಡ್ ಮಾಸ್ಟರ್ ಹತ್ರ ನಾನು ಕೇಳ್ತೀನಿ. ಆದ್ರೆ ಎರಡು ಮಾತು. ಬರೀ ಹತ್ತಿ ಬೀದಿ ಅಲ್ಲ, ಪೇಟೆ ಪೂರ್ತಿ ಕಟ್ಟೋಣ, ನನ್ನ ಮಕ್ಕಳಿಗೆ ಪಾಠಕ್ಕಾಗುತ್ತೆ. ಇನ್ನೊಂದು, ನಿಮಗೆ ಬೇಕಾದ ಉತ್ತರ ಬರ್ಲಿ ಅಂತ ಕಟ್ಟೋದಾದ್ರೆ ನಾನು ಬರಲ್ಲ."

"ನಂಗೆ ಯಾವ ಉತ್ತರ ಬೇಕು ಅಂತ ನಂಗೇ ಗೊತ್ತಿಲ್ಲ ಮೇಡಂ" ಎಂದ ಅಂಜನ್.

ರಜೆಯ ಮೊದಲ ದಿನ ಬೆಳಿಗ್ಗೆ ಆರೂವರೆಗೆ ಅವನು ಟೇಪು ಹಿಡಿದು ಹತ್ತಿ ಬೀದಿಗೆ ಹೋದ. ಆವತ್ತಿನಿಂದ ಆ ಕಡೆ ಕಾಲಿಟ್ಟಿರಲಿಲ್ಲ. ಬೀದಿಯ ಅಗಲ ಹನ್ನೊಂದು ಅಡಿ. ಎರಡು ಕಡೆ ಅಳೆದ, ಹನ್ನೊಂದೇ. ಬಾಗಿದ ಮೂಲೆಯ ಹತ್ತಿರ ಬಂದಾಗ ಕಟ್ಟೆಯ ಮೇಲೆ ಹನುಮಕ್ಕ ಕೂತಿದ್ದಳು. ಕಟ್ಟೆಯ ಅಂಚಿನಲ್ಲಿ ಕೆಂಪು ಬಣ್ಣ ಇನ್ನೂ ಹತ್ತಿಕೊಂಡಿತ್ತು, ಗಾಡಿಯದು.

"ಏನು ಅಳೀತಿದೀಯಾ?"

ಅವನು ಟೇಪು ಇಳಿಸಿದ. "ಗಾಡಿ ತಿರುಗ್ತಿತ್ತೋ ಇಲ್ವೋ ನೋಡ್ಬೇಕು ಕಣಮ್ಮ."

"ಈಗ ನೋಡಿ?"

"ನಂಗೊತ್ತಾಗ್ಬೇಕು."

"ತಿರುಗ್ತಿತ್ತು ಅಂತ ಬಂದ್ರೆ?"

"ಅಂಗೇ ಬರ್ದು ಕೊಡ್ತೀನಿ."

ಹನುಮಕ್ಕ ಎದ್ದು ಬಂದು ಟೇಪಿನ ತುದಿಗೆ ಕೈ ನೀಡಿದಳು. "ಕೊಡು ಇಲ್ಲಿ. ನೀನು ಸುಳ್ಳು ಅಳೆದ್ಬುಟ್ಟೀಯಾ ಅಂತ ಹಿಡೀತಿದೀನಿ. ಇನ್ನೇನಕ್ಕೂ ಅಲ್ಲ."

ರಕ್ಷಾ ಹೇಳಿಕೊಟ್ಟಂತೆ ಅವನು ಕಟ್ಟೆಯ ಮೂಲೆಯಿಂದ ಈ ಗೋಡೆಯ ಗುಂಟ ಹತ್ತಡಿಗೆ ಒಂದು ಗುರುತು, ತಿರುಗಿದ ಗೋಡೆಯ ಗುಂಟ ಹತ್ತಡಿಗೆ ಇನ್ನೊಂದು ಗುರುತು ಮಾಡಿದ. ಎರಡು ಗುರುತಿನ ನಡುವೆ ಅಳೆದರೆ ಹತ್ತೊಂಬತ್ತು ಅಡಿಗೆ ಒಂದಿಂಚು ಕಡಿಮೆ. ಬೀದಿ ನೇರವಾಗಿದ್ದರೆ ಇಪ್ಪತ್ತು ಇರಬೇಕಿತ್ತು. ಹನುಮಕ್ಕ ಆ ಸಂಖ್ಯೆಯನ್ನು ಎರಡು ಸಲ ಅವನ ಬಾಯಲ್ಲಿ ಹೇಳಿಸಿಕೊಂಡು ಒಳಗೆ ಹೋದಳು.

ಕೊಠಡಿಯಲ್ಲಿ ಆರು ಮೇಜು ಜೋಡಿಸಿ, ಅದರ ಮೇಲೆ ಬೂದು ಬಣ್ಣದ ಗುಬುಟು ಹಲಗೆಗಳನ್ನು ಹಾಸಿದರು. ಮೊದಲನೇ ದಿನದಿಂದಲೇ ತೊಂದರೆ ಶುರುವಾಯಿತು. ಆ ಇಟ್ಟಿಗೆಗಳಿಗೆ ನೇರ ಗೊತ್ತು, ಅಡ್ಡ ಗೊತ್ತು, ಓರೆ ಗೊತ್ತಿಲ್ಲ. ಹತ್ತಿ ಬೀದಿ ಎಡಕ್ಕೆ ವಾಲುವ ಕಡೆ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಡಬೇಕಾಯಿತು. ನಾಲ್ಕು ದಿನದಲ್ಲಿ ಬೀದಿಯೇನೋ ಎದ್ದಿತು. ಅಂಜನ್ ಕೆಂಪು ಇಟ್ಟಿಗೆಗಳಿಂದ ಗಾಡಿಯನ್ನೂ ಮಾಡಿದ. ಎಂಟು ಗುಬುಟು ಅಗಲ, ಇಪ್ಪತ್ತನಾಲ್ಕು ಗುಬುಟು ಉದ್ದ. ಗಾಡಿಯನ್ನು ಬೀದಿಯ ಬಾಯಲ್ಲಿಟ್ಟು ಬೆರಳಿನಿಂದ ತಳ್ಳುತ್ತಾ ಹೋದ.

ಗಾಡಿ ತಿರುಗಿತು. ಸಲೀಸಾಗಿ, ಎಲ್ಲೂ ತಾಗದೆ.

ಅವನು ಬೆಂಚಿನ ಮೇಲೆ ಕೂತುಬಿಟ್ಟ. "ಹೋಯ್ತಲ್ಲ ಮೇಡಂ" ಅಂದ. "ನಾನೇ ಕೊಂದಿದ್ದು ಅಂಗಾದ್ರೆ."

"ತಾಳಿ. ಇದು ಹತ್ತಿ ಬೀದಿ ಅಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದರಿಂದ ಆ ಕಡೆ ಗೋಡೆ ಎರಡಡಿ ಹಿಂದಕ್ಕೆ ಹೋಗಿದೆ."

"ನಂಗೆ ಸಮಾಧಾನ ಹೇಳ್ಬೇಡಿ."

"ಸಮಾಧಾನ ಹೇಳೋಕೆ ರಜ ಹಾಳು ಮಾಡ್ಕೊಂಡು ಬಂದಿಲ್ಲ ನಾನು!" ರಕ್ಷಾಳ ದನಿ ಏರಿತು. "ನೀವು ಹಿಡಿದ ಟೇಪಲ್ಲಿ ಹತ್ತೊಂಬತ್ತಡಿಗೆ ಒಂದಿಂಚು ಕಮ್ಮಿ ಅಂತಿತ್ತು. ಇದರಲ್ಲಿ ಅದು ಬರ್ತಾ ಇದೆಯಾ? ಬರಲ್ಲ. ಬರೋ ತನಕ ಇದು ಸುಳ್ಳು ಬೀದಿ. ನಿಮ್ಮ ಪರವಾಗೂ ಸುಳ್ಳು, ವಿರೋಧವಾಗೂ ಸುಳ್ಳು."

ಮಾರನೆಯ ದಿನ ಆಕೆ ಗೋಡೆಗಳನ್ನೆಲ್ಲ ಕಿತ್ತಳು. ತಿರುವಿನಿಂದಾಚೆಯ ಬೀದಿಯನ್ನು ಬೇರೆಯೇ ಒಂದು ಹಲಗೆಯ ಮೇಲೆ ಕಟ್ಟಿ, ಆ ಹಲಗೆಯನ್ನೇ ಓರೆಯಾಗಿ ಕೂರಿಸುವುದು ಆಕೆಯ ಯೋಚನೆ. ಓರೆಯಾದ ಹಲಗೆ ಕೆಳಗಿನ ಗುಬುಟುಗಳಿಗೆ ಕಚ್ಚಿಕೊಳ್ಳಬೇಕಾದರೆ ಅದರ ಎರಡು ತುದಿಯೂ ಸರಿಯಾಗಿ ಒಂದೊಂದು ಗುಬುಟಿನ ಮೇಲೆ ಬೀಳಬೇಕು. "ಎಂಟು ಮುಂದಕ್ಕೆ, ಆರು ಪಕ್ಕಕ್ಕೆ. ಆಗ ಓರೆ ಸರಿಯಾಗಿ ಹತ್ತು. ಎಂಟನೇ ಕ್ಲಾಸಿನ ಲೆಕ್ಕ" ಎಂದಳು. "ಪುಣ್ಯಕ್ಕೆ ನಿಮ್ಮ ಬೀದಿ ಓರೆಯೂ ಹೆಚ್ಚು ಕಮ್ಮಿ ಅಷ್ಟೇ ಇದೆ. ಒಂದು ಡಿಗ್ರಿ ವ್ಯತ್ಯಾಸ."

ಆದರೆ ಹಲಗೆ ಕೂರಲಿಲ್ಲ. ಒಂದು ತುದಿ ಕಚ್ಚಿದರೆ ಇನ್ನೊಂದು ತುದಿ ಒಂದು ಗುಬುಟಿನಷ್ಟು ಹಿಂದೆಯೇ ನಿಲ್ಲುತ್ತಿತ್ತು. ಒತ್ತಿದರೆ ಮೇಲೆದ್ದು ಗೋಡೆ ಚೆಲ್ಲಾಪಿಲ್ಲಿಯಾಗುತ್ತಿತ್ತು. ಎರಡು ದಿನ ಇದೇ ಆಯಿತು. ರಕ್ಷಾ ಕಾಗದದ ಮೇಲೆ ಬರೆದು ನೋಡಿದರೆ ಲೆಕ್ಕ ಸರಿ, ಮೇಜಿನ ಮೇಲೆ ತಪ್ಪು. ಮೂರನೇ ದಿನ ಅಂಜನ್ ಆ ಹಲಗೆಯನ್ನೇ ನೋಡುತ್ತಾ ಕೂತಿದ್ದವನು ಕೇಳಿದ.

"ಮೇಡಂ, ಹತ್ತು ಕಂಬ ನೆಟ್ರೆ ನಡುವೆ ಎಷ್ಟು ಸಂದು?"

"ಒಂಬತ್ತು" ಎಂದ ರಕ್ಷಾ ತಟ್ಟನೆ ತಲೆಗೆ ಕೈ ಹಚ್ಚಿಕೊಂಡಳು. ಅವರು ಎಣಿಸುತ್ತಿದ್ದುದು ಗುಬುಟುಗಳನ್ನು, ಎಣಿಸಬೇಕಾಗಿದ್ದುದು ನಡುವಿನ ಅಂತರವನ್ನು. ಹತ್ತರ ಅಂತರ ಬೇಕಾದರೆ ಹನ್ನೊಂದು ಗುಬುಟು. ಹಲಗೆ ಬದಲಾಯಿಸಿ ಇಟ್ಟು ಒತ್ತಿದಾಗ ಎರಡು ತುದಿಯೂ ಟಕ್ ಎಂದು ಕೂತವು.

ಅವತ್ತು ಮಧ್ಯಾಹ್ನವೇ ಗೋಡೆಗಳು ಎದ್ದವು. ಕೆಂಪು ಗಾಡಿಯನ್ನು ಬೀದಿಯ ಬಾಯಲ್ಲಿಟ್ಟು ಅಂಜನ್ ನಿಂತ. ಕೈ ಮುಂದೆ ಹೋಗಲಿಲ್ಲ.

"ನೀವೇ ತಳ್ಳಿ ಮೇಡಂ."

"ನಾನು ತಳ್ತೀನಿ." ಬಾಗಿಲಲ್ಲಿ ಹನುಮಕ್ಕ ನಿಂತಿದ್ದಳು. ಶಾಲೆಯ ಬೀಗದ ಕೈ ಅವಳ ಬಳಿಯೇ ಇತ್ತು, ದಿನಾ ಕಸ ಗುಡಿಸಲು ಬರುತ್ತಿದ್ದವಳು ಕೊಠಡಿಯೊಳಕ್ಕೆ ಮಾತ್ರ ಒಂದು ದಿನವೂ ಬಂದಿರಲಿಲ್ಲ. ಈಗ ಬಂದು ಮೇಜಿನ ಸುತ್ತ ಒಂದು ಸಲ ನಡೆದಳು. ತನ್ನ ಮನೆ ಯಾವುದೆಂದು ಕೇಳಲಿಲ್ಲ. ಮೂಲೆಯ ಆ ಪುಟ್ಟ ಕಟ್ಟೆಯನ್ನು ಬೆರಳಿನಿಂದ ಮುಟ್ಟಿ, ಗಾಡಿಯ ಹಿಂದೆ ಕೈಯಿಟ್ಟಳು.

ಗಾಡಿ ಮುಂದೆ ಸರಿಯಿತು. ತಿರುವಿಗೆ ಬಂತು. ಮುಂದಿನ ಬಲಮೂಲೆ ಆಚೆ ಗೋಡೆಗೆ ತಾಗಿತು, ಹಿಂದಿನ ಮೂಲೆ ಈಚೆಗೆ, ಎಡಮಗ್ಗುಲು ಕಟ್ಟೆಗೆ. ಹನುಮಕ್ಕ ಹಿಂದಕ್ಕೆ ಎಳೆದು ಇನ್ನಷ್ಟು ಓರೆ ಮಾಡಿ ತಳ್ಳಿದಳು. ಮತ್ತೆ ಎಳೆದಳು, ಮತ್ತೆ ತಳ್ಳಿದಳು. ಎಂಟು ಹತ್ತು ಸಲ ಆದ ಮೇಲೆ ಕೈ ಬಿಟ್ಟಳು.

"ಎಷ್ಟು ಸಾಲ್ದು?"

ರಕ್ಷಾ ಅಳೆದಳು. "ಅರ್ಧ ಗುಬುಟು. ಐದಾರು ಇಂಚು."

"ದೇವ್ರು ಬಂದು ಓಡ್ಸಿದ್ರೂ ಹೋಗ್ತಿರ್ಲಿಲ್ಲ ಅನ್ನು."

"ಹೋಗ್ತಿರ್ಲಿಲ್ಲ."

ಹನುಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಅಂಜನ್ ಕಡೆ ತಿರುಗಿ "ಊಟ ಮಾಡಿದ್ಯಾ?" ಅಂತ ಕೇಳಿದಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪೇಟೆ ಪೂರ್ತಿ ಕಟ್ಟುವುದು ಅಂತ ಮಾತಾಗಿತ್ತು. ಹತ್ತಿ ಬೀದಿಯ ಮೇಲ್ತುದಿಗೆ ಬಂದು ಸೇರುವ ಗಾಣದ ಓಣಿಯನ್ನು ಅವರು ಎರಡು ದಿನ ಬಿಟ್ಟು ಕಟ್ಟಿದರು. ಒಂಬತ್ತಡಿಯ ಓಣಿ ಅದು. ಕೆರೆ ರಸ್ತೆಯಿಂದ ಹೊರಡುತ್ತದೆ, ಅದೂ ಹಿಮ್ಮುಖವಾಗಿ. ಪೇಟೆಯಿಂದ ಹೋಗುವವರು ಒಳಗೆ ನುಗ್ಗಬೇಕಾದರೆ ಬಂದ ದಿಕ್ಕಿಗೇ ಮಡಚಿಕೊಂಡಂತೆ ತಿರುಗಬೇಕು. ಸ್ಕೂಟರು ಬಿಟ್ಟರೆ ಇನ್ಯಾವುದೂ ಆ ಕಡೆ ಹೋಗಿದ್ದನ್ನು ಯಾರೂ ಕಂಡಿರಲಿಲ್ಲ.

ರಕ್ಷಾ ಸುಮ್ಮನೆ ಕೆಂಪು ಗಾಡಿಯನ್ನು ಕೆರೆ ರಸ್ತೆಯ ಮೇಲೆ ಆಡಿಸುತ್ತಿದ್ದಳು. ಓಣಿಯ ಬಾಯಿ ದಾಟಿ ಮುಂದೆ ಹೋಗಿ, ಅಲ್ಲಿಂದ ಹಿಂದಕ್ಕೆ ಬಿಟ್ಟಳು. ಗಾಡಿ ಸಣ್ಣ ಓರೆಯಲ್ಲಿ ಓಣಿಯೊಳಕ್ಕೆ ಇಳಿಯಿತು. ಓಣಿ ಇಕ್ಕಟ್ಟು ನಿಜ, ಆದರೆ ಬಾಯಿಂದ ಬುಡದ ತನಕ ಎಲ್ಲೂ ಬಾಗಿಲ್ಲ. ಅತ್ತ ಅರ್ಧ ಗುಬುಟು, ಇತ್ತ ಅರ್ಧ ಗುಬುಟು ಬಿಟ್ಟುಕೊಂಡು ಗಾಡಿ ಹಿಮ್ಮುಖವಾಗಿ ಹೋಗಿ ಚೌಡಯ್ಯನ ಅಂಗಡಿಯ ಮುಂದೆ ನಿಂತಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಇದನ್ನ ಹನುಮಕ್ಕನಿಗೆ ಹೇಳ್ಬೇಕಾ?" ರಕ್ಷಾ ಕೊನೆಗೆ ಕೇಳಿದಳು. "ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಇದು ಬೇರೆ ಪ್ರಶ್ನೆ."

ಅಂಜನ್ ಅಡುಗೆಮನೆಗೆ ನಡೆದ. ಹನುಮಕ್ಕ ಪಾತ್ರೆಗಳನ್ನು ಕವುಚಿ ಇಡುತ್ತಿದ್ದಳು. ಅವನು ನಿಂತೇ ಹೇಳಿದ. "ಅಕ್ಕ, ಇನ್ನೊಂದು ದಾರಿ ಇತ್ತು. ಗಾಣದ ಓಣೀಲಿ ರಿವರ್ಸ್ ಹೋಗಿದ್ರೆ ಹೋಗ್ತಿತ್ತು. ಅವತ್ತು ನಂಗೆ ಗೊತ್ತಿರ್ಲಿಲ್ಲ. ಗೊತ್ತಿರ್ಬೇಕಿತ್ತು."

ಹನುಮಕ್ಕನ ಕೈಯಲ್ಲಿದ್ದ ಪಾತ್ರೆ ಅಲ್ಲೇ ನಿಂತಿತು. ಆಕೆ ಅವನ ಕಡೆ ತಿರುಗಲಿಲ್ಲ. "ಹೋಗು" ಎಂದಳು. ಪಾತ್ರೆ ಕೆಳಗಿಟ್ಟು, "ಹೋಗಪ್ಪ ಈಗ" ಎಂದಳು. ಮಾರನೆಯ ದಿನ ಆಕೆ ಶಾಲೆಗೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಬೀಗದ ಕೈ ಪಕ್ಕದ ಮನೆಯವರ ಬಳಿ ಕಳಿಸಿದ್ದಳು.

ಆ ವಾರವೇ ಶಂಕರಲಿಂಗಪ್ಪ ಮಾದರಿ ನೋಡಲು ಬಂದರು. ಪಾವಗಡದವರು, ನಿವೃತ್ತಿಗೆ ಎರಡು ವರ್ಷವಿತ್ತು. ಹತ್ತಿ ಬೀದಿಯ ತಿರುವಿನಲ್ಲಿ ತಾವೇ ಗಾಡಿ ತಳ್ಳಿ ನೋಡಿ ತಲೆಯಾಡಿಸಿದರು. ಗಾಣದ ಓಣಿಯಲ್ಲೂ ತಳ್ಳಿ ನೋಡಿದರು. ಆಮೇಲೆ ಅಂಜನ್‌ನನ್ನು ವರಾಂಡಕ್ಕೆ ಕರೆದರು.

"ಏಮಯ್ಯಾ, ಮೊದಲ್ನೇದು ಬರಿ. ಗಾಡಿ ತಿರುಗಲ್ಲ ಅಂತ ಅಳತೆ ಸಮೇತ ಬರಿ. ನನ್ನ ವರದಿ ಸಾಲು ನಾನೇ ವಾಪಸ್ ತಗೊಂತೀನಿ. ಎರಡನೇದು ಬರೀಬೇಡ."

"ಯಾಕೆ ಸಾರ್?"

"ಯಾಕಾ? ಇನ್ನೊಂದು ದಾರಿ ಇತ್ತು ಅಂತ ನೀನೇ ಬರ್ಕೊಟ್ರೆ, ಯಾಕೆ ಹೋಗ್ಲಿಲ್ಲ ಅಂತ ಕೇಳ್ತಾರೆ. ನಿನ್ನ ಕೇಳ್ತಾರೆ, ನನ್ನನ್ನೂ ಕೇಳ್ತಾರೆ. ಬಾಯಿ ಮುಚ್ಕೊಂಡಿದ್ರೆ ಇಬ್ರೂ ಉಳ್ಕೊಂತೀವಿ."

ಅಂಜನ್ ಎರಡು ಹಾಳೆ ಬರೆದ. ಒಂದರಲ್ಲಿ ತಿರುವು, ಇನ್ನೊಂದರಲ್ಲಿ ಓಣಿ. ಎರಡನ್ನೂ ಷರ್ಟಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಯಾವುದನ್ನು ಕೊಡುವುದೆಂದು ತೀರ್ಮಾನವಾಗಲಿಲ್ಲ. ಅವನ ಹೆಂಡತಿ ಷರ್ಟು ಒಗೆಯಲು ಕೇಳಿದರೆ ಕೊಡುತ್ತಿರಲಿಲ್ಲ.

ಆಯುಧಪೂಜೆಯ ದಿನ ಠಾಣೆಯಲ್ಲಿ ಗಾಡಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದಿದ್ದರು. ಮಧ್ಯಾಹ್ನ ಮೂರೂವರೆಗೆ ಫೋನು ಬಂತು. ಹತ್ತಿ ಬೀದಿಯ ಮೇಲ್ತುದಿ. ಕಡಲೆಕಾಯಿ ದಾಸ್ತಾನಿನ ಅಂಗಡಿ. ಪೂಜೆ ಮಾಡಿ ದೀಪ ಹಚ್ಚಿಟ್ಟು ಬಾಗಿಲು ಹಾಕಿಕೊಂಡು ಹೋಗಿದ್ದಾರೆ, ಒಳಗೆ ಗೋಣಿಚೀಲ ಹತ್ತಿಕೊಂಡಿದೆ. ಮೇಲಿನ ಮನೆಯಲ್ಲಿ ಪಟಾಲಮ್ಮ ಅನ್ನುವ ವಯಸ್ಸಾದ ಹೆಂಗಸು, ಅವರ ಸೊಸೆ ಇಂದ್ರಮ್ಮ. ಮೆಟ್ಟಿಲ ತುಂಬ ಹೊಗೆ. ಪಟಾಲಮ್ಮನಿಗೆ ಮಂಡಿ ನೋವು, ಇಳಿಯಲಾರರು. ಅವರನ್ನು ಬಿಟ್ಟು ಸೊಸೆ ಬರುತ್ತಿಲ್ಲ.

ಗಾಡಿ ಹೊರಟ ಮೇಲೆ ಪಕ್ಕದಲ್ಲಿದ್ದ ಶಂಕರಲಿಂಗಪ್ಪ ಹೇಳಿದರು. "ಹತ್ತಿ ಬೀದಿ ಬಾಯಲ್ಲೇ ನಿಲ್ಸು. ಒಳಗೆ ಹೋಗ್ಬೇಡ. ಹುಡುಗ್ರು ಪೈಪು, ಏಣಿ ಹೊತ್ಕೊಂಡು ಓಡ್ಲಿ."

"ಮುನ್ನೂರಡಿ ಸಾರ್. ಹಬ್ಬದ ದಿನ, ಬೀದಿ ತುಂಬ ಗಾಡಿ ನಿಲ್ಸಿರ್ತಾರೆ. ಗಾಣದ ಓಣೀಲಿ ಹೋಗ್ತೀನಿ."

"ಪ್ಲಾಸ್ಟಿಕ್ ಇಟ್ಟಿಗೆ ನಂಬ್ಕೊಂಡಾ? ಇನ್ನೊಂದು ಸಲ ಸಿಕ್ಕಾಕ್ಕೊಂಡ್ರೆ ಜನ ನಮ್ಮನ್ನ ಅಲ್ಲೇ ಸುಡ್ತಾರೆ ಕಣಯ್ಯಾ."

"ಟೇಪಲ್ಲೂ ಅಳೆದಿದೀನಿ ಸಾರ್. ಒಂಬತ್ತಡಿ. ನಾವು ಎಂಟಡಿ."

ಮುಂದೆ ಎರಡು ದಾರಿ ಒಡೆಯುವ ವೃತ್ತ ಬರುತ್ತಿತ್ತು. ಎಡಕ್ಕೆ ಹತ್ತಿ ಬೀದಿ, ನೇರಕ್ಕೆ ಕೆರೆ ರಸ್ತೆ. ಅಂಜನ್ ಗೇರು ಇಳಿಸಿದ. ಪೇಟೆಯ ಸೂರುಗಳ ಮೇಲೆ, ಬೆಟ್ಟದ ಬಂಡೆಯ ಎದುರಿಗೆ, ಹೊಗೆ ದಪ್ಪಗೆ ಏಳುತ್ತಿತ್ತು.

"ಹೋಗು" ಎಂದರು ಶಂಕರಲಿಂಗಪ್ಪ. "ನೇರ ಹೋಗು. ಹಿಂದೆ ನಾನು ನಿಂತು ತೋರಿಸ್ತೀನಿ."

ಓಣಿಯ ಬಾಯಿ ದಾಟಿ ನಲವತ್ತಡಿ ಮುಂದೆ ನಿಲ್ಲಿಸಿದ. ಬಾಯಲ್ಲಿ ಯಾರೋ ಹಬ್ಬಕ್ಕೆ ಬಾಳೆಕಂಬ ಕಟ್ಟಿದ್ದರು. ಹುಡುಗರು ಇಳಿದು ಅದನ್ನು ಕಿತ್ತು, ಹಾರ ಹಾಕಿ ನಿಲ್ಲಿಸಿದ್ದ ಎರಡು ಬೈಕುಗಳನ್ನು ಎತ್ತಿ ಪಕ್ಕಕ್ಕಿಟ್ಟರು. ಅಂಜನ್ ಎರಡು ಕಡೆಯ ಕನ್ನಡಿಯನ್ನೂ ಮಡಚಿಸಿದ. ಕನ್ನಡಿ ಮಡಚಿದರೆ ಹಿಂದೆ ಕಾಣುವುದಿಲ್ಲ, ತೆರೆದರೆ ಗಾಡಿ ಹಿಡಿಸುವುದಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಬಲಗಡೆಯ ಗೋಡೆಯನ್ನು ಮಾತ್ರ ನೋಡುತ್ತಾ ಹಿಂದಕ್ಕೆ ಬಿಟ್ಟ. ಎಡಗಡೆಯನ್ನು ಶಂಕರಲಿಂ‌ಗಪ್ಪನವರ ದನಿಗೆ ಒಪ್ಪಿಸಿದ.

"ಬಾ... ಬಾ... ಎಡಕ್ಕೆ ಒಂದಂಗುಲ... ಬಾ..."

ಗಾಡಿಯ ಹಿಂಭಾಗ ಓಣಿಯೊಳಕ್ಕೆ ಇಳಿಯಿತು. ಎರಡು ಕಡೆಯ ಗೋಡೆ ಹತ್ತಿರ ಬಂದು ಬೆಳಕು ಕಡಿಮೆಯಾಯಿತು. ಈಗ ಬಾಗಿಲು ತೆಗೆಯುವ ಹಾಗಿಲ್ಲ. ಸಿಕ್ಕಿಕೊಂಡರೆ ಅವನೂ ಇಳಿಯಲಾರ. ನಡುವೆ ಒಂದು ಕಡೆ ಕರ್ರ್ ಎಂದು ಸದ್ದಾಯಿತು. ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಯಾರದೋ ಮನೆಯ ಕಿಟಕಿ ಅಷ್ಟೇ ಹತ್ತಿರದಲ್ಲಿ, ಅದರೊಳಗಿಂದ ಒಂದು ಮುಖ ಅವನನ್ನು ನೋಡುತ್ತಿತ್ತು.

"ಯಾಕೋ ನಿಲ್ಸ್ದೆ?" ಹಿಂದಿನಿಂದ ಕೂಗು.

"ಏನೋ ತಾಗ್ತು ಸಾರ್!"

"ನಲ್ಲಿ ಪೈಪು ಕಣ್ಲಾ! ಕಿತ್ಕೊಂಡು ಹೋಗ್ಲಿ, ಬಾ! ಗೋಡೆ ಸರ್ಯಾಗೈತೆ, ಬಾ!"

ಅವನು ಕ್ಲಚ್ಚು ಬಿಟ್ಟ. ಪೈಪು ಮುರಿದು ನೀರು ಚಿಮ್ಮಿತು. ಗಾಡಿ ನಿಲ್ಲಲಿಲ್ಲ. ಹಿಂದಿನ ಚಕ್ರ ಓಣಿಯ ತುದಿಯ ಚಪ್ಪಡಿ ದಾಟಿದ್ದು ಸೀಟಿನಲ್ಲಿ ತಿಳಿಯಿತು. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಬಾಗಿಲು ತೆಗೆಯುವಷ್ಟು ಜಾಗ ಸಿಕ್ಕುವ ತನಕ ಹಿಂದಕ್ಕೆ ಬಿಟ್ಟು, ನಿಲ್ಲಿಸಿ, ಇಳಿದು ಪಂಪಿನ ಬಳಿಗೆ ಓಡಿದ. ಹಿಂಬದಿಯ ಪಂಪಿಗೆ ಪೈಪು ಸಿಕ್ಕಿಸಲು, ಏಣಿ ಬಿಚ್ಚಲು ಒಂದು ನಿಮಿಷವೂ ಹಿಡಿಯಲಿಲ್ಲ. ಅಂಗಡಿ ಇದ್ದದ್ದು ಮೂವತ್ತಡಿ ದೂರದಲ್ಲಿ.

ಇಂದ್ರಮ್ಮ ಕಿಟಕಿಯಿಂದ ಅತ್ತೆಯನ್ನು ದಾಟಿಸಿ ಆಮೇಲೆ ತಾನು ಇಳಿದಳು. ಪಟಾಲಮ್ಮನ ಅಂಗಾಲು ಬೊಬ್ಬೆ ಎದ್ದಿತ್ತು, ಹೊಗೆ ಕುಡಿದು ಕೆಮ್ಮು ನಿಲ್ಲುತ್ತಿರಲಿಲ್ಲ, ಆದರೆ ಆಂಬುಲೆನ್ಸಿಗೆ ಹತ್ತಿಸುವಾಗ ತಮ್ಮ ಚಪ್ಪಲಿ ಮೇಲೆಯೇ ಉಳಿಯಿತು ಎಂದು ಬೈಯುತ್ತಿದ್ದರು. ಕಡಲೆಕಾಯಿ ಅರ್ಧಕ್ಕರ್ಧ ಕರಕಲಾಯಿತು. ಪಕ್ಕದ ಮನೆಗಳಿಗೆ ಬೆಂಕಿ ಹತ್ತಲಿಲ್ಲ.

ಅಂಜನ್ ಪಂಪು ಬಿಟ್ಟು ಕದಲುವ ಹಾಗಿರಲಿಲ್ಲ. ಬೆಂಕಿ ಆರಿದ ಮೇಲೆ ತಲೆಯೆತ್ತಿದರೆ ಗುಂಪಿನಲ್ಲಿ ಹನುಮಕ್ಕ ನಿಂತಿದ್ದಳು. ಗಂಡನ ಮುಚ್ಚಿದ ಅಂಗಡಿಯ ಬಾಗಿಲಿಗೆ ಬೆನ್ನು ಕೊಟ್ಟು, ಹಾರ ಬಾಡಿದ ಗಾಡಿಯನ್ನೂ ಅದು ಬಂದ ಓಣಿಯನ್ನೂ ನೋಡುತ್ತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಅವನಿಗೆ ಆಕೆಯ ಬಳಿ ಹೋಗಲು ಆಗಲಿಲ್ಲ. ಉಳಿದವರು ಬೆನ್ನು ತಟ್ಟಿದಾಗಲೂ ಅವನಿಗೆ ಸಂತೋಷವಾಗಲಿಲ್ಲ. ಈ ಗಾಡಿ ಇಲ್ಲಿಗೆ ಬರಬಹುದಾಗಿತ್ತು ಎಂಬುದು ಈಗ ಊರಿಗೆಲ್ಲ ಗೊತ್ತಾಗಿತ್ತು.

ಅವತ್ತು ಸಂಜೆಯೇ ಎರಡು ಹಾಳೆಗಳನ್ನೂ ಶಂಕರಲಿಂಗಪ್ಪನವರ ಮೇಜಿನ ಮೇಲಿಟ್ಟ. ಅವರು ಎರಡನ್ನೂ ಓದಿ, ಎರಡಕ್ಕೂ ಸಹಿ ಹಾಕಿದರು. "ನಾನೂ ಹದಿನೈದು ತಿಂಗಳಿಂದ ಇದೇ ಊರಲ್ಲಿದ್ದೆ" ಎಂದು ಮಾತ್ರ ಹೇಳಿದರು.

ಶಾಲೆ ತೆರೆದ ಮೂರನೇ ದಿನ ಮೇಲಧಿಕಾರಿ ಬಂದರು. ಮಾದರಿಯನ್ನು ಬಿಚ್ಚದೆ ರಕ್ಷಾ ಹಾಗೇ ಇಟ್ಟಿದ್ದಳು, ತನ್ನ ತರಗತಿಯನ್ನು ವರಾಂಡದಲ್ಲಿ ನಡೆಸುತ್ತಿದ್ದಳು. ಅಧಿಕಾರಿ ಒಂದು ಗಂಟೆ ಮೇಜಿನ ಸುತ್ತ ಓಡಾಡಿದರು. ಅಂಜನ್‌ನನ್ನು ಕೇಳಿದರು, ಶಂಕರಲಿಂಗಪ್ಪನವರನ್ನು ಕೇಳಿದರು. ಕೊನೆಗೆ ಮೃತನ ಹೆಂಡತಿಯನ್ನು ಕರೆಸಿ, ನಿಮ್ಮ ದೂರೇನಾದರೂ ಇದೆಯೇ ಎಂದರು. ಹನುಮಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಿದ್ದಳು.

"ಈವಪ್ಪನ ಮೇಲಿಲ್ಲ ಸ್ವಾಮಿ" ಎಂದಳು. "ಇನ್ನೊಂದು ದಾರಿ ಇತ್ತು ಅಂತ ನಂಗೆ ಬಂದು ಹೇಳಿದ್ದು ಇವ್ನೇ. ಹೇಳ್ದೆ ಇದ್ದಿದ್ರೆ ನಂಗೇನು ಗೊತ್ತಾಗ್ತಿತ್ತು? ಮೂರು ದಿನ ಇವ್ನ ಮುಖ ನೋಡ್ಬಾರ್ದು ಅನ್ಸಿತ್ತು. ಆಮೇಲೆ ಯೋಚ್ನೆ ಮಾಡ್ದೆ. ಆ ಓಣಿ ಪಕ್ಕದಲ್ಲೇ ಮೂವತ್ತು ವರ್ಷ ಬಾಳಿದೀವಿ. ನಮ್ಮೆಜಮಾನ್ರಿಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ನಮ್ಗೇ ಗೊತ್ತಿಲ್ದಿದ್ದು ಇವ್ನಿಗೆ ಎಂಗೆ ಗೊತ್ತಿರ್ತದೆ?"

ತಿರುವಿನಲ್ಲಿ ಚಾಲಕನ ತಪ್ಪಿಲ್ಲ ಎಂದು ಅಧಿಕಾರಿ ಬರೆದರು. ಬೇರೆ ದಾರಿಯನ್ನು ಮೊದಲೇ ತಿಳಿದಿಟ್ಟುಕೊಳ್ಳದಿದ್ದುದಕ್ಕೆ ಅಂಜನ್‌ಗೂ ಶಂಕರಲಿಂಗಪ್ಪನವರಿಗೂ ಒಂದೊಂದು ಎಚ್ಚರಿಕೆಯ ಪತ್ರ ಕೊಟ್ಟರು. ಪತ್ರವನ್ನು ಓದಿ ಮಡಚಿ ಜೇಬಿಗಿಟ್ಟುಕೊಳ್ಳುವಾಗ ಅಂಜನ್‌ಗೆ ಎರಡು ತಿಂಗಳಲ್ಲಿ ಮೊದಲ ಸಲ ಹಸಿವಾಯಿತು.

ಎಲ್ಲರೂ ಹೊರಟ ಮೇಲೆ ಅವನು ಗೇಟಿನ ಬಳಿ ಬೈಕು ತೆಗೆಯುತ್ತಿದ್ದ. ಹನುಮಕ್ಕ ಬಂದು ಪಕ್ಕದಲ್ಲಿ ನಿಂತಳು.

"ಕುಂಬಾರ ಬೀದಿ ಅಳೆದಿದೀರಾ?"

"ಇಲ್ಲ ಅಕ್ಕ. ಅದು ಪೇಟೆಯಿಂದ ಆಚೆ ಆಯ್ತಲ್ಲ."

"ಅಲ್ಲಿ ನನ್ನ ತಂಗಿ ಮನೆ ಐತೆ. ಬೀದಿ ಇದಕ್ಕಿಂತ ಕಡೆ, ಆವು ಹರ್ದಂಗೆ ಐತೆ. ಎಲ್ರೂ ಸೌದೆ ಒಟ್ಕೊಂಡವ್ರೆ. ಯಾವತ್ತು ಬರ್ತೀಯಾ?"

"ಭಾನುವಾರ ಬೆಳಿಗ್ಗೆ ಡ್ಯೂಟಿ ಇಲ್ಲ."

"ಆರಕ್ಕೇ ಬಾ. ಆಮೇಲಾದ್ರೆ ಜನ ಓಡಾಡ್ತಾರೆ, ಟೇಪು ಇಡಿಯಾಕ್ಕೆ ಬಿಡಲ್ಲ" ಎಂದು ಹೇಳಿ ಹನುಮಕ್ಕ ಒಲೆಯ ಮೇಲಿದ್ದ ಸಾರು ನೋಡಲು ಒಳಗೆ ಹೋದಳು.